ಕಳೆ ಕೀಳುವ ವಿದ್ಯೆ

ನಮ್ಮ ಭಾಷೆಯಲ್ಲಿ ‘ಕಳೆ’ ಎಂಬ ಮಾತಿಗೆ ಇರುವಷ್ಟು ಅರ್ಥಗಳು ಇನ್ನಾವ ಎರಡಕ್ಷರದ ಮಾತಿಗೆ ಇವೆಯೋ ನಾನರಿಯೆ. ಮದುಮಗಳ ಮುಖದಲ್ಲಿ ಇರಬೇಕಾದದ್ದೂ ಕಳೆ. ಹೊಲದಲ್ಲಿ ಇರಬಾರದ್ದೂ ಕಳೆ. ಕೂಡುವ ಲೆಕ್ಕಕ್ಕೆ ಎದುರಾದದ್ದು ಕಳೆಯುವ ಲೆಕ್ಕ. ನನ್ನ ಹಾಗೆ ಪೆನ್ಷನ್ ತೆಗೆದುಕೊಂಡು ಮನೆಯಲ್ಲಿ ಕೂತವರು ಮಾಡುವ ಕೆಲಸಕ್ಕೂ ಅದೇ ಹೆಸರು: ಕಾಲ ಕಳೆಯುವುದು. ಈ ಎಲ್ಲ ಅರ್ಥಗಳ ಪೈಕಿ ಹೊಲದ ಕಳೆಯೊಂದನ್ನು ಬಿಟ್ಟು ಉಳಿದವುಗಳ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಆ ಒಂದರ ಪರಿಚಯವೂ ಇಳಿವಯಸ್ಸಿನಲ್ಲಿ ಆಗಲಿ ಎಂದು ವಿಧಿಸಂಕಲ್ಪವಿತ್ತೆಂದು ತೋರುತ್ತದೆ. ನಿವೃತ್ತನಾದ ಮೇಲೆ ನಾನು ಕಾಲ ಕಳೆದದ್ದೆಲ್ಲ ಕಳೆ ಕಳೆಯುವುದರಲ್ಲೇ.

ನಮ್ಮ ಮನೆಯ ಪೂರ್ವಕ್ಕೆ ಒಂದು ಖಾಲಿ ಸೈಟು ಇದೆ. ಮೂವತ್ತಡಿ ಅಗಲ, ನಲವತ್ತಡಿ ಉದ್ದ. 1996ರಲ್ಲಿ ನಾವು ಬೆಂಗಳೂರಿನ ಅಂಚಿನ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಬಂದವರೆಲ್ಲ, “ಪೂರ್ವ ದಿಕ್ಕು ಬಯಲು, ಗಾಳಿ ಬೆಳಕಿಗೆ ಕೊರತೆಯಿಲ್ಲ, ಪುಣ್ಯವಂತರು ನೀವು” ಎಂದು ಹೊಗಳಿ, ಹೋಳಿಗೆ ತಿಂದು ಹೋದರು. ಸೈಟಿನ ಯಜಮಾನರು ದೂರದೇಶದಲ್ಲಿದ್ದಾರೆ. ಭೂಮಿಯ ಬೆಲೆ ಏರುವುದನ್ನು ಅಲ್ಲಿಂದಲೇ ನೋಡಿ ಸಂತೋಷಪಡುವುದಲ್ಲದೆ ಅದರ ಮೇಲೆ ಅವರಿಗೆ ಬೇರೆ ಯಾವ ಅಪೇಕ್ಷೆಯೂ ಇದ್ದಂತಿಲ್ಲ. ಮನುಷ್ಯ ಬಿಟ್ಟ ನೆಲವನ್ನು ಗಿಡ ಬಿಡುತ್ತದೆಯೆ? ಮೊದಲನೆಯ ಮಳೆಗಾಲದಲ್ಲೇ ಸೈಟು ಹಸುರಾಯಿತು. ನೋಡುವುದಕ್ಕೆ ಚೆಂದವಾಗಿಯೇ ಇತ್ತು: ಗಜ್ಜರಿಯ ಎಲೆಯಂತೆ ಸಣ್ಣಗೆ ಸೀಳಿದ ಎಲೆ, ಎದೆಯುದ್ದ ಬೆಳೆದ ಗಿಡದ ತುಂಬ ಅಕ್ಕಿಕಾಳು ಚೆಲ್ಲಿದಂತೆ ಬಿಳಿಯ ಹೂ. ನನ್ನ ಹೆಂಡತಿ ಕಿಟಕಿಯಿಂದ ನೋಡಿ, “ಸಂಜೆಯ ಹೊತ್ತು ನಕ್ಷತ್ರ ಉದುರಿದ ಹಾಗೆ ಕಾಣುತ್ತೆ” ಎಂದಳು. ಅವಳ ಜೀವಕ್ಕೆ ಮುಂದೆ ಕುತ್ತಾಗಲಿದ್ದ ನಕ್ಷತ್ರ ಅದೇ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ವಾಚಕರು ಊಹಿಸಿರಬೇಕು; ಅದು ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಹುಲ್ಲು ಎಂದು ಕರೆಯುವ ಗಿಡ. ಇದು ಹುಲ್ಲಲ್ಲ, ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದು. ಬಿಳಿಯ ಹೂ ಬಿಳಿಯ ಟೋಪಿಯಂತೆ ಕಂಡದ್ದರಿಂದ ಆ ಹೆಸರು ಬಂತೆಂದು ಕೆಲವರು. ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂದದ್ದರಿಂದ ಎಂದು ಕೆಲವರು. ಮಲೆನಾಡಿನಲ್ಲಿ ಇನ್ನೊಂದು ಪರದೇಶದ ಗಿಡಕ್ಕೆ ಕಮ್ಯುನಿಸ್ಟ್ ಗಿಡ ಎಂದು ಹೆಸರಿದೆ. ಆದ್ದರಿಂದ ಗಿಡಗಳಿಗೆ ಹೆಸರಿಡುವಾಗ ನಮ್ಮ ಜನ ಪಕ್ಷಪಾತ ಮಾಡಿಲ್ಲವೆಂದು ಹೇಳಬಹುದು. ಇದರ ತವರು ಮೆಕ್ಸಿಕೊ ಮತ್ತು ಅದರ ಸುತ್ತಿನ ಉಷ್ಣವಲಯದ ಅಮೆರಿಕ. ಪುಣೆಯಲ್ಲಿ ಇದು ಬೆಳೆದಿರುವುದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದು, ವರದಿಯಾಗಿ ಅಚ್ಚಾದದ್ದು 1956ರಲ್ಲಿ. ಅಲ್ಲಿಂದಾಚೆಗೆ ರೈಲಿನ ಕಂಬಿ, ರಸ್ತೆಯ ಬದಿ, ಲಾರಿಯ ಚಕ್ರ, ಮರಳಿನ ರಾಶಿ ಹೀಗೆ ಸಿಕ್ಕಿದ ವಾಹನ ಹತ್ತಿ ದೇಶವನ್ನೆಲ್ಲ ಸುತ್ತಿತು. ನಾನು ಹಳ್ಳಿಯಿಂದ ಬೆಂಗಳೂರಿಗೆ ಓದುವುದಕ್ಕೆ ಬಂದ ಎಪ್ಪತ್ತರ ದಶಕದಲ್ಲಿ ಊರಿನ ಬಯಲುಗಳೆಲ್ಲ ಆಗಲೇ ಅದರ ವಶವಾಗಿದ್ದವು.

ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಕಳೆ ಇರಲಿಲ್ಲವೆಂದಲ್ಲ. ರಾಗಿಯ ಹೊಲದಲ್ಲಿ ಅಣ್ಣೆ, ಗದ್ದೆಯ ಬದುವಿನಲ್ಲಿ ಹೊನಗೊನ್ನೆ, ತೋಟದಲ್ಲಿ ಗರಿಕೆ, ಎಷ್ಟು ಕಿತ್ತರೂ ನೆಲದಡಿಯ ಗಡ್ಡೆಯಿಂದ ಮತ್ತೆ ಏಳುವ ಕೊನ್ನಾರಿ. ಆದರೆ ಆ ಕಳೆಗಳಿಗೂ ಮನುಷ್ಯರಿಗೂ ಒಂದು ಬಗೆಯ ನೆಂಟಸ್ತಿಕೆ ಇತ್ತು. ಎಡೆಕುಂಟೆ ಹೊಡೆದು, ಕುಡುಗೋಲು ಹಿಡಿದು ಸಾಲುಸಾಲಾಗಿ ಕೂತು ಕಳೆ ತೆಗೆಯುತ್ತಿದ್ದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅಣ್ಣೆ, ಹೊನಗೊನ್ನೆ ಎಲ್ಲ ಆಯ್ದು ಮಡಿಲು ತುಂಬಿಕೊಂಡು ಹೋಗುತ್ತಿದ್ದರು. ರಾತ್ರಿ ಬೆರಕೆ ಸೊಪ್ಪಿನ ಸಾರು, ಬಿಸಿ ಮುದ್ದೆ. ಗರಿಕೆ ಗಣಪತಿಗೆ, ಉಳಿದದ್ದು ದನಕ್ಕೆ. ಹಾಗೆ ನೋಡಿದರೆ ನಮ್ಮ ಕಳೆಗಳು ಬಡ ನೆಂಟರು. ಕರೆಯದೆ ಬಂದರೂ ಬಂದದ್ದಕ್ಕೆ ಏನಾದರೂ ಕೆಲಸ ಮಾಡಿಕೊಟ್ಟು ಹೋಗುತ್ತಿದ್ದರು. ಈ ಹೊಸಬನಾದರೋ ಹಾಗಲ್ಲ. ದನ ಮೂಸುವುದಿಲ್ಲ, ಹಸಿದು ಮೇಯ್ದರೆ ಹಾಲು ಕಹಿ. ತನ್ನ ಬೇರು ಎಲೆಗಳಿಂದ ಒಂದು ಬಗೆಯ ವಿಷವನ್ನು ಮಣ್ಣಿಗಿಳಿಸಿ ಅಕ್ಕಪಕ್ಕದ ಗಿಡ ಏಳದಂತೆ ಮಾಡುತ್ತದೆ. ಒಂದೇ ಗಿಡ ಹದಿನೈದರಿಂದ ಇಪ್ಪತ್ತೈದು ಸಾವಿರ ಬೀಜ ಉದುರಿಸುತ್ತದೆ. ಆ ಬೀಜ ಮಣ್ಣಿನಡಿ ವರ್ಷಗಟ್ಟಲೆ ಮಲಗಿದ್ದು ಮಳೆ ಬಂದ ದಿನ ಏಳುತ್ತದೆ. ಮೊಳೆತು ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೂ. ಅದರ ಪರಾಗ ಮೂಗಿಗೆ ಹೋದರೆ ಕೆಲವರಿಗೆ ಸೀನು, ಉಬ್ಬಸ. ಎಲೆ ಮೈಗೆ ತಾಗಿದರೆ ಕೆಲವರಿಗೆ ಕಜ್ಜಿ.

ಆ ‘ಕೆಲವರ’ ಪೈಕಿ ನನ್ನ ಹೆಂಡತಿ ಒಬ್ಬಳಾದಳು. ಮೊದಮೊದಲು ಬೆಳಗಿನ ಸೀನು. ಆಮೇಲೆ ರಾತ್ರಿಯ ಕೆಮ್ಮು. 2009ರಲ್ಲಿ ನಾನು ನಿವೃತ್ತನಾಗುವ ಹೊತ್ತಿಗೆ ಪೂರಾ ಉಬ್ಬಸ. ಸೆಪ್ಟೆಂಬರ್ ತಿಂಗಳು ಬಂತೆಂದರೆ ಅವಳು ಮಲಗುವಂತಿಲ್ಲ. ಗೋಡೆಗೆ ದಿಂಬು ಆನಿಸಿ ಕೂತೇ ಬೆಳಗು ಮಾಡಬೇಕು. ಎದೆಯಲ್ಲಿ ಕುಯ್ ಕುಯ್ ಎಂಬ ಸದ್ದು. ವೈದ್ಯರು, “ಧೂಳೂ ಕಾರಣ, ಹೊಗೆಯೂ ಕಾರಣ, ಕಿಟಕಿಯ ಹೊರಗೆ ಕಾಂಗ್ರೆಸ್ ಗಿಡ ಇದ್ದರೆ ಅದೂ ಒಂದು ಕಾರಣ. ಮೊದಲು ಅದನ್ನು ತೆಗೆಸಿ” ಎಂದರು.

ತೆಗೆಸುವುದು ಎಂದರೆ ನಮ್ಮಂಥವರಿಗೆ ಗೊತ್ತಿರುವುದು ಒಂದೇ ದಾರಿ: ಕೂಲಿ ಕೊಟ್ಟು ಇನ್ನೊಬ್ಬರ ಕೈಯಲ್ಲಿ ತೆಗೆಸುವುದು. ನಮ್ಮ ಬೀದಿಗೆ ಸೊಪ್ಪು ಮಾರಲು ಬರುತ್ತಿದ್ದ ಒಬ್ಬ ಮುದುಕಿ ಇದ್ದರು. ನಮ್ಮ ಕಡೆಯ ಹೆಂಗಸೇ. ಸೊಪ್ಪು ಇಲ್ಲದ ದಿನ ಸುತ್ತಿನ ತೋಟಗಳಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದರು. ಅವರನ್ನು ಕರೆದು ಸೈಟು ತೋರಿಸಿ, “ಎರಡು ದಿನದ ಕೆಲಸ, ಏನು ಕೊಡಬೇಕು?” ಎಂದು ಕೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ಹೂ ತುಂಬಿದ ಆ ಬಯಲನ್ನು ನೋಡಿ, “ಈಗ್ ಕರ್ದ್ರಲ್ಲಾ ಸ್ವಾಮಿ. ಊ ಬುಟ್ಮೇಲೆ ಕಿತ್ರೆ ಬಿತ್ದಂಗೇ. ಮಳೆ ಉಯ್ದ್ ಎಂಟ್ ದಿನಕ್ಕೆ ಕರೀಬೇಕಿತ್ತು” ಎಂದರು. ಕೂಲಿ ಹೆಚ್ಚಿಸಿಕೊಳ್ಳುವುದಕ್ಕೆ ಹೂಡಿದ ಪೀಠಿಕೆ ಇದು ಎಂದು ನಾನು ತಿಳಿದೆ. ಹೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚಿಗೆ ಕೊಡುವುದಾಗಿ ಹೇಳಿ, ನನ್ನ ಔದಾರ್ಯವನ್ನು ನಾನೇ ಮೆಚ್ಚಿಕೊಂಡು ಒಳಗೆ ಹೋಗಿ ಪತ್ರಿಕೆ ಓದುತ್ತ ಕೂತೆ. ಆಕೆ ಎರಡು ದಿನ ಬರಿಗೈಯಲ್ಲಿ ಗಿಡ ಕಿತ್ತು ರಾಶಿ ಹಾಕಿದರು. ಸೈಟು ಅಂಗಳದಂತೆ ಚೊಕ್ಕಟವಾಯಿತು. ಮಧ್ಯಾಹ್ನ ನನ್ನ ಹೆಂಡತಿ ಕಾಫಿ ಕೊಟ್ಟಳು. ಕೈಗೆ ಒಂದು ಹಳೆಯ ಬಟ್ಟೆ ಕೊಡಬೇಕೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೂರು ವಾರ ಆಕೆ ಬೀದಿಗೆ ಬರಲಿಲ್ಲ. ಬಂದಾಗ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಇರಲಿಲ್ಲ. ಮೊಳಕೈಯವರೆಗೆ ಎರಡು ಕೈಯೂ ಕೆಂಪಗೆ ಉಬ್ಬಿ, ಅಲ್ಲಲ್ಲಿ ಒಡೆದು ನೀರು ಸೋರುತ್ತಿತ್ತು. ಕುತ್ತಿಗೆಯ ಸುತ್ತಲೂ ಅದೇ. ನನ್ನನ್ನು ಒಂದು ಮಾತೂ ಆಡಲಿಲ್ಲ. “ಅಮ್ಮಾವ್ರೇ, ಒಸಿ ಕೊಬ್ಬರಿ ಎಣ್ಣೆ ಕೊಡ್ತೀರಾ?” ಎಂದು ನನ್ನ ಹೆಂಡತಿಯನ್ನು ಕೇಳಿದರು. ಚರ್ಮದ ವೈದ್ಯರಲ್ಲಿಗೆ ನಾನೇ ಕರೆದುಕೊಂಡು ಹೋದೆ. “ಒಂದು ಸಾರಿ ಮೈಗೆ ಒಗ್ಗದೆ ಹೋದರೆ ಮುಂದೆ ಗಿಡದ ಹತ್ತಿರ ಹೋದರೂ ಸಾಕು, ಮತ್ತೆ ಏಳುತ್ತದೆ, ಬಿಸಿಲೂ ಆಗುವುದಿಲ್ಲ. ಕಳೆ ಕೀಳುವ ಕೆಲಸ ಬಿಡಬೇಕು” ಎಂದರು ಅವರು. ಮುಲಾಮಿಗೆ ದುಡ್ಡು ಕೊಟ್ಟೆ; ಹೋದ ಕೂಲಿಗೆಂದು ಇನ್ನಷ್ಟು ಕೊಟ್ಟೆ. ಆಕೆ ಎಣಿಸದೆ ಸೆರಗಿಗೆ ಗಂಟು ಹಾಕಿಕೊಂಡರು. ಲೆಕ್ಕ ಸರಿಹೋಯಿತೆಂದು ಅಂದೂ ನನಗೆ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ನಮ್ಮ ಮನೆಯ ಒಬ್ಬರ ಉಸಿರು ಉಳಿಸಿಕೊಳ್ಳುವುದಕ್ಕೆ ಇನ್ನೊಬ್ಬರ ಕೈಯನ್ನೂ ಆ ಕೈಯ ಅನ್ನವನ್ನೂ ತೆಗೆದುಕೊಂಡಂತಾಗಿತ್ತು. ಇಷ್ಟಾಗಿ ಉಸಿರೂ ಉಳಿಯಲಿಲ್ಲ. ಕೀಳುವಾಗ ಉದುರಿದ ಬೀಜವೆಲ್ಲ ನವೆಂಬರಿನ ಸೋನೆಗೆ ಒಟ್ಟಿಗೆ ಮೊಳೆತು ಸೈಟು ಮತ್ತೆ ಹಸುರಾಯಿತು. ಮುದುಕಿಯ ಮಾತು ಅಕ್ಷರಶಃ ನಿಜವಾಗಿತ್ತು. ನಾನು ದುಡ್ಡು ಕೊಟ್ಟು ಬಿತ್ತನೆ ಮಾಡಿಸಿದ್ದೆ.

ಇನ್ನು ಮೇಲೆ ಯಾರ ಕೈಯಿಂದಲೂ ಕೀಳಿಸಬಾರದು. ಕೈ ತಾಗದ ಉಪಾಯ ಹುಡುಕಬೇಕು ಎಂದು ನಿಶ್ಚಯ ಮಾಡಿದೆ. ಮೊದಲು ಕಾನೂನು. ಕರ್ನಾಟಕ ಸರ್ಕಾರ 1975ರಲ್ಲೇ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯ ಕೆಳಗೆ ಈ ಗಿಡವನ್ನು ಪೀಡೆಯೆಂದು ಸಾರಿದೆ. ಜಮೀನಿನ ಯಜಮಾನನೇ ಅದನ್ನು ತೆಗೆಸಬೇಕೆಂಬುದು ಅದರ ಇಂಗಿತ. ಒಂದು ಅರ್ಜಿ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಯಾವ ಕಚೇರಿಯೆಂದು ಹೇಳುವುದಿಲ್ಲ. ಅಲ್ಲಿನ ಅಧಿಕಾರಿಗಳು ಸಭ್ಯರು. ಅರ್ಜಿಯನ್ನು ಪೂರ್ತಿ ಓದಿ, “ಖಂಡಿತ ಕ್ರಮ ಕೈಗೊಳ್ಳೋಣ” ಎಂದು ಕಿಟಕಿಯ ಕಡೆಗೆ ನೋಡಿದರು. ನಾನೂ ನೋಡಿದೆ. ಕಚೇರಿಯ ಹಿತ್ತಲಲ್ಲಿ ಕಾಂಗ್ರೆಸ್ ಹುಲ್ಲು ಕಿಟಕಿಯ ಸರಳಿನವರೆಗೆ ಬೆಳೆದು ಒಳಗೆ ಇಣುಕುತ್ತಿತ್ತು. ಇಬ್ಬರೂ ನಕ್ಕು ಮಾತು ಮುಗಿಸಿದೆವು.

ಎರಡನೆಯದು ಮಚ್ಚು. ಉದ್ದ ಹಿಡಿಯ ಮಚ್ಚಿನಿಂದ ನಾನೇ ಸವರಿದೆ. ಹತ್ತು ದಿನದಲ್ಲಿ ಒಂದು ಕಾಂಡವಿದ್ದ ಕಡೆ ಐದು ಕವಲು. ಗೇಣುದ್ದದ ಗಿಡದಲ್ಲೇ ಹೂ. ಮೂರನೆಯದು ಬೆಂಕಿ. ಮಾರ್ಚಿಯಲ್ಲಿ ಒಣಗಿ ನಿಂತದ್ದಕ್ಕೆ ಕಡ್ಡಿ ಗೀರಿದೆ. ಹೊಗೆ ನೇರವಾಗಿ ನಮ್ಮ ಮಲಗುವ ಕೋಣೆಗೇ ಹೋಗಿ, ಆ ರಾತ್ರಿ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅದರ ಮೇಲೆ, ಸುಟ್ಟ ನೆಲದಲ್ಲಿ ಜೂನ್ ಮಳೆಗೆ ಮೊದಲು ಎದ್ದದ್ದು ಅದೇ ಗಿಡ. ನಾಲ್ಕನೆಯದು ಉಪ್ಪು. ನೂರು ಪಾಲು ನೀರಿಗೆ ಹದಿನೈದು ಇಪ್ಪತ್ತು ಪಾಲು ಅಡುಗೆಯುಪ್ಪು ಕರಗಿಸಿ ಬಿಸಿಲಿನಲ್ಲಿ ಸಿಂಪಡಿಸಿದರೆ ಗಿಡ ಸುಡುತ್ತದೆಂದು ಕೃಷಿಪುಸ್ತಿಕೆಯೊಂದರಲ್ಲಿತ್ತು. ಸುಡುವುದೂ ನಿಜ. ಆದರೆ ನಾನು ಉತ್ಸಾಹದಲ್ಲಿ ಮೂಟೆ ಉಪ್ಪು ತರಿಸಿ, ಸಿಂಪಡಿಸುವುದರ ಬದಲು ಸುರಿದೆ. ಕಾಂಗ್ರೆಸ್ಸಿನ ಜೊತೆಗೆ ಗರಿಕೆಯೂ ಹೋಯಿತು. ನೆಲ ಬೋಳಾಯಿತು. ಮಳೆ ಉಪ್ಪನ್ನು ತೊಳೆದ ಮೇಲೆ ಮರಳಿ ಬಂದವರು ಯಾರೆಂದು ಹೇಳಬೇಕಾಗಿಲ್ಲ.

ನಡುವೆ ಗೊಬ್ಬರದ ಪ್ರಸಂಗವೊಂದು ನಡೆಯಿತು. ಈ ಗಿಡದಿಂದ ಒಳ್ಳೆಯ ಗೊಬ್ಬರವಾಗುತ್ತದೆಂದು ಎಲ್ಲೋ ಓದಿ, ಕತ್ತರಿಸಿದ್ದನ್ನೆಲ್ಲ ಗುಂಡಿಗೆ ತುಂಬಿ, ಮಾಗಿದ ಮೇಲೆ ಹೆಂಡತಿಯ ಗುಲಾಬಿ ಕುಂಡಗಳಿಗೆ ಹಾಕಿದೆ. ಹೂ ಬಿಡುವ ಮೊದಲು ಕಿತ್ತದ್ದನ್ನು ಮಾತ್ರ ಹಾಕತಕ್ಕದ್ದು ಎಂಬ ಸಾಲು ಅದೇ ಪುಟದ ಕೆಳಗೆ ಇತ್ತಂತೆ. ನಾನು ಪುಟ ತಿರುಗಿಸಿರಲಿಲ್ಲ. ಹದಿನೈದು ದಿನದಲ್ಲಿ ಹನ್ನೆರಡು ಕುಂಡದಲ್ಲೂ ಗಜ್ಜರಿ ಎಲೆ. “ಸೈಟಿನಲ್ಲಿ ಇದ್ದದ್ದನ್ನು ಮನೆಗೇ ಕರೆದುಕೊಂಡು ಬಂದಿರಲ್ಲ ರೀ” ಎಂದು ಅವಳು ನಕ್ಕಳು. ನಕ್ಕದ್ದು ಕೆಮ್ಮಾಯಿತು.

ಐದನೆಯದು ರಾಸಾಯನಿಕ. ಅಂಗಡಿಯವನು 2,4-ಡಿ ಎಂಬ ಮದ್ದಿನ ಸೀಸೆ ಕೊಟ್ಟು, “ಅಗಲ ಎಲೆಯ ಗಿಡ ಸಾಯುತ್ತೆ, ಹುಲ್ಲಿಗೆ ಏನೂ ಆಗಲ್ಲ ಸಾರ್” ಎಂದ. ಮಾತು ಸುಳ್ಳಲ್ಲ. ದಾಸವಾಳವೂ ಅಗಲ ಎಲೆಯ ಗಿಡವೇ ಎಂಬುದನ್ನು ಅವನು ಹೇಳಲಿಲ್ಲ. ಸಂಜೆ ಗಾಳಿಯಿದ್ದಾಗ ಹೊಡೆಯಬಾರದೆಂದು ಸೀಸೆಯ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಬರೆದದ್ದನ್ನು ನಾನು ಓದಲಿಲ್ಲ. ಮದ್ದಿನ ಮಂಜು ಕಾಂಪೌಂಡು ದಾಟಿ ಬಂದು, ಅವಳು ಹದಿನೈದು ವರ್ಷ ಸಾಕಿದ್ದ ಕೆಂಪು ದಾಸವಾಳದ ಎಲೆಗಳನ್ನು ಸುರುಳಿ ಸುತ್ತಿಸಿತು. ಆ ಗಿಡ ಉಳಿಯಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ಪೂಜೆಗೆ ಹೂವಿಲ್ಲದ ಬುಟ್ಟಿಯನ್ನು ಒಂದು ವಾರ ದೇವರ ಮುಂದೆ ಹಾಗೆಯೇ ಇಟ್ಟಳು. ಮದ್ದೇ ಕೆಟ್ಟದ್ದೆಂದು ನಾನು ಹೇಳಲಾರೆ. ತಿಳಿದವರು, ಅಳತೆಯಿಟ್ಟು, ಗಾಳಿ ನೋಡಿ, ಮೈಮುಚ್ಚಿಕೊಂಡು ಹೊಡೆದರೆ ಹೊಲಗಳಲ್ಲಿ ಅದರಿಂದ ಉಪಯೋಗವುಂಟು. ಆದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದವನು ತಪ್ಪನ್ನು ಕೊಡಲಿಯ ಮೇಲೆ ಹಾಕಬಾರದು.

ಆ ದಿನಗಳಲ್ಲಿ ಕೃಷಿವಿಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದರು. ನನ್ನ ಐದು ಪರ್ವದ ಮಹಾಭಾರತವನ್ನು ಕೇಳಿ, “ಅಯ್ಯಾ, ಈ ಗಿಡ ಅದರ ತವರಿನಲ್ಲಿ ಇಷ್ಟು ಹಾವಳಿ ಮಾಡುವುದಿಲ್ಲ. ಏಕೆ ಗೊತ್ತೆ? ಅಲ್ಲಿ ಅದನ್ನು ತಿನ್ನುವ ಹುಳುಗಳಿವೆ. ಗಿಡ ಹಡಗು ಹತ್ತಿತು, ಹುಳು ಹತ್ತಲಿಲ್ಲ” ಎಂದರು. ಆಮೇಲೆ ಅವರು ಹೇಳಿದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು.

ನಮ್ಮ ಹಳ್ಳಿಗಳ ಬೇಲಿಯಲ್ಲಿ ಇದ್ದ ಪಾಪಾಸುಕಳ್ಳಿಯನ್ನು ಎಲ್ಲರೂ ಬಲ್ಲರು. ಅದೂ ಅಮೆರಿಕದ್ದೇ. ಅದರ ಮೇಲೆ ಬದುಕುವ ಒಂದು ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆಯಬಹುದೆಂದು ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಆಸೆಯಾಗಿ, 1795ರಲ್ಲಿ ಬ್ರೆಜಿಲಿನಿಂದ ಹುಳು ತರಿಸಿದರು. ಬಂದದ್ದು ಅವರು ಬಯಸಿದ ಹುಳುವಲ್ಲ, ಅದರ ದಾಯಾದಿ. ಬಣ್ಣದ ವ್ಯಾಪಾರ ಕೆಟ್ಟಿತು. ಆದರೆ ಆ ದಾಯಾದಿ ಒಂದು ಜಾತಿಯ ಕಳ್ಳಿಯನ್ನು ಊರೂರೇ ತಿಂದು ಹಾಕಿತು. ಅದನ್ನು ಕಂಡು 1836ರ ಸುಮಾರಿಗೆ ಬೇಕೆಂದೇ ದಕ್ಷಿಣದೇಶಕ್ಕೂ ತಂದು ಬಿಟ್ಟರು. ಕೀಟದಿಂದ ಕಳೆಯನ್ನು ಹತ್ತಿಕ್ಕಿದ ಕೆಲಸಗಳಲ್ಲಿ ಲೋಕದಲ್ಲೇ ಇದು ಮೊದಲನೆಯದಂತೆ. ಉಳಿದಿದ್ದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಸಿಂಹಳದಿಂದ ಬೇರೊಂದು ಹುಳು ಬಂತು. ಇದನ್ನು ಕೇಳಿದಾಗ ನನಗೆ ನಮ್ಮ ತಂದೆಯವರ ಮಾತು ನೆನಪಾಯಿತು. ಅವರು ಹುಡುಗರಾಗಿದ್ದಾಗ ಊರ ಬೇಲಿಯ ಕಳ್ಳಿಯ ಮೇಲೆಲ್ಲ ಬೂದಿ ಎರಚಿದಂತೆ ಬಿಳಿ ಹುಳು ಕೂತಿತ್ತೆಂದೂ, ಹಿಸುಕಿದರೆ ಬೆರಳು ರಕ್ತದಂತೆ ಕೆಂಪಾಗುತ್ತಿತ್ತೆಂದೂ, ನೋಡನೋಡುತ್ತ ಬೇಲಿ ಕುಸಿದುಬಿತ್ತೆಂದೂ ಹೇಳುತ್ತಿದ್ದರು. ನಾವು ಅದನ್ನು ಮುದುಕರ ಕಥೆಯೆಂದು ತಿಳಿದಿದ್ದೆವು.

ಕಾಂಗ್ರೆಸ್ ಹುಲ್ಲಿಗೂ ಅಂಥದೊಂದು ಹುಳು ಉಂಟು. ಅದು ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. 1983ರಲ್ಲಿ ಮೆಕ್ಸಿಕೊದಿಂದ ತಂದು, ಬೇರೆ ಬೆಳೆಗಳನ್ನು ಮುಟ್ಟುವುದೋ ಇಲ್ಲವೋ ಎಂದು ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಟ್ಟರು. ಕಡಲೆಕಾಳಿಗಿಂತ ಸಣ್ಣದು, ಕೆನೆಬಣ್ಣದ ಬೆನ್ನಿನ ಮೇಲೆ ಕಪ್ಪು ಸುರುಳಿಗೆರೆ. ಮೂರು ನಾಲ್ಕು ವರ್ಷ ಅದು ಎಲ್ಲಿ ಹೋಯಿತೋ ಎಂಬಂತಿದ್ದು, ಆಮೇಲೆ ಒಮ್ಮೆಗೇ ಲಕ್ಷೋಪಲಕ್ಷವಾಗಿ ಎದ್ದು ಗಿಡಗಳನ್ನು ಬೋಳಿಸಿತು. ಅಷ್ಟರಲ್ಲಿ ಸೂರ್ಯಕಾಂತಿಯ ಹೊಲಗಳಲ್ಲಿಯೂ ಹುಳು ಕಾಣಿಸಿ ದೊಡ್ಡ ಗುಲ್ಲಾಯಿತು. ಪರೀಕ್ಷಿಸಿ ನೋಡಿದರೆ, ಪಕ್ಕದ ಕಾಂಗ್ರೆಸ್ ಗಿಡದ ಪರಾಗ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಲ್ಲಿ, ವಾಸನೆಗೆ ಮೋಸಹೋಗಿ ಹುಳು ಬಾಯಿ ಹಾಕಿತ್ತು. ಅದರ ನಿಜವಾದ ಊಟ ಕಾಂಗ್ರೆಸ್ಸೇ. ಕೊನೆಗೆ ಹುಳು ನಿರಪರಾಧಿಯೆಂದು ತೀರ್ಮಾನವಾಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಒಂದು ನೈದಿಲೆಯ ಕೊಳವನ್ನು ಮುಚ್ಚಿದ್ದ ಸಾಲ್ವೀನಿಯ ಎಂಬ ನೀರಕಳೆಯನ್ನು ಇನ್ನೊಂದು ಪುಟ್ಟ ಸೊಂಡಿಲ ಹುಳು ವರ್ಷ ತುಂಬುವ ಮೊದಲೇ ತಿಂದು ತೀರಿಸಿ, ಆಮೇಲೆ ಕೇರಳದ ಕಾಲುವೆಗಳಿಗೆ ಹೋಗಿ ಅಲ್ಲಿಯೂ ಹೆಸರು ಪಡೆಯಿತು. ಕೆರೆಗಳ ಅಂತರಗಂಗೆಗೂ ಅಂಥ ಹುಳುಗಳನ್ನು ಬಿಟ್ಟರು, ತಿಂದವು. ಆದರೆ ಕೆರೆಗೆ ಊರಿನ ಚರಂಡಿ ಹರಿಯುತ್ತಿರುವವರೆಗೆ ಹುಳು ತಿನ್ನುವುದಕ್ಕಿಂತ ಬೇಗ ಕಳೆ ಬೆಳೆಯುತ್ತದೆ. ಹುಳುವಿನಿಂದ ಊಟ ಮಾಡಿಸಬಹುದೇ ಹೊರತು, ನಾವು ಬಡಿಸುವುದನ್ನು ಅದು ನಿಲ್ಲಿಸಲಾರದು.

ಆಗಸ್ಟ್ ತಿಂಗಳಲ್ಲಿ ಸ್ನೇಹಿತರ ಜೊತೆ ಹೋಗಿ ಒಂದು ಹಾರ್ಲಿಕ್ಸ್ ಬಾಟಲಿಯ ತುಂಬ ಹುಳು ಹಿಡಿದು ತಂದು ಸೈಟಿನಲ್ಲಿ ಬಿಟ್ಟೆ. ಕಟ್ಟಿಸಿದ ಮನೆಯನ್ನೂ ನಾನು ಅಷ್ಟು ಸಲ ಹೋಗಿ ನೋಡಿರಲಿಲ್ಲ. ದಿನಾ ಬೆಳಗ್ಗೆ ಎಲೆಯಡಿ ಮೊಟ್ಟೆ ಇದೆಯೇ, ಮರಿ ಇದೆಯೇ ಎಂದು ಬಗ್ಗಿ ನೋಡುವುದು. ಬಂದು ವರದಿ ಒಪ್ಪಿಸುವುದು. ಸೆಪ್ಟೆಂಬರಿನಲ್ಲಿ ಸೈಟಿನ ಅರ್ಧಭಾಗ ಗೀಚಿದ ಕಡ್ಡಿಗಳಂತೆ ಬೋಳಾಯಿತು. ಆದರೆ ಮಳೆಗಾಲದ ಮೊದಲ ಪೈರು ಆಗಲೇ ಹೂವಾಗಿ ಬೀಜವಾಗಿತ್ತು. ಹುಳುವಿನ ಸಂಸಾರ ಬೆಳೆಯುವುದಕ್ಕೆ ಹೊತ್ತು ಬೇಕು. ನವೆಂಬರ್ ಮುಗಿಯುವ ಹೊತ್ತಿಗೆ ಒಂದೂ ಇಲ್ಲ. ಒಣಗಾಲದಲ್ಲಿ ಮಣ್ಣಿನೊಳಗೆ ಸೇರಿ ಮಲಗುವುದು ಅವುಗಳ ಧರ್ಮ. “ನಿಮ್ಮ ನೆಂಟರು ಹೇಳದೆ ಹೋದರಲ್ಲ!” ಎಂದಳು ಹೆಂಡತಿ. ಮುಂದಿನ ಜೂನಿನಲ್ಲಿ ಕರೆಯದೆಯೇ ಬಂದವು. ಅಂದಿನಿಂದ ಪ್ರತಿವರ್ಷ ಬರುತ್ತಿವೆ. ಅವು ನಮ್ಮ ಕೆಲಸದಲ್ಲಿ ಅರ್ಧ ಮಾಡುತ್ತವೆ. ಉಳಿದ ಅರ್ಧ ನಮ್ಮದು.

ಆ ಉಳಿದ ಅರ್ಧ ಯಾವುದೆಂದು ತಿಳಿಯಲು ನನಗೆ ಮತ್ತೆ ಆ ಮುದುಕಿಯ ಮಾತಿಗೇ ಹಿಂದಿರುಗಬೇಕಾಯಿತು. ಮಳೆ ಬಂದ ಎಂಟು ದಿನಕ್ಕೆ, ಹೂ ಬಿಡುವ ಮೊದಲು. ಕಳೆ ಸಂಶೋಧನೆಗೆಂದೇ ಜಬಲ್ಪುರದಲ್ಲಿ ಒಂದು ನಿರ್ದೇಶನಾಲಯವಿದೆ. ಅಲ್ಲಿನ ವಿಜ್ಞಾನಿಗಳು ಹೇಳುವುದೂ ಅದನ್ನೇ. ಒದ್ದೆ ನೆಲದಲ್ಲಿ, ರೂಪಾಯಿಯಗಲ ಹರಡಿಕೊಂಡ ಸಸಿಯನ್ನು ಬೇರು ಸಮೇತ ಎತ್ತಿದರೆ ಮುಗಿಯಿತು. ಬಲ ಬೇಡ, ಬೆಂಕಿ ಬೇಡ, ಮದ್ದು ಬೇಡ. ಕೈಗೆ ರಬ್ಬರಿನ ಗ್ಲೌಸು, ಮೂಗಿಗೆ ಬಟ್ಟೆ, ತುಂಬು ತೋಳಿನ ಅಂಗಿ ಬೇಕು. ಕಿತ್ತದ್ದು ನಿರ್ಭಯವಾಗಿ ಗೊಬ್ಬರದ ಗುಂಡಿಗೆ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮತ್ತೆ ಹದಿನೈದು ದಿನಕ್ಕೆ ಮತ್ತೊಮ್ಮೆ. ಮುಖ್ಯವಾಗಿ, ಕಿತ್ತ ಜಾಗವನ್ನು ಖಾಲಿ ಬಿಡಕೂಡದು. ನನ್ನ ಹಿಂದಿನ ಐದು ಉಪಾಯಗಳಲ್ಲೂ ಇದ್ದ ದೋಷ ಒಂದೇ: ನೆಲವನ್ನು ಬೋಳು ಮಾಡಿ ಕೈ ತೊಳೆದುಕೊಂಡದ್ದು. ಬೋಳು ನೆಲವೇ ಈ ಗಿಡಕ್ಕೆ ಆಮಂತ್ರಣಪತ್ರಿಕೆ. ಚಗಟೆ, ಚೆಂಡುಹೂ ದಟ್ಟವಾಗಿ ಬೆಳೆದಲ್ಲಿ ಇದು ತಲೆಯೆತ್ತಲಾರದು. ಧಾರವಾಡದ ಕಡೆ ಚಗಟೆಯ ದಾಯಾದಿ ಗಿಡವೊಂದು ರಸ್ತೆಬದಿಯ ಕಾಂಗ್ರೆಸ್ಸನ್ನು ಹೊರದೂಡಿದ್ದನ್ನು ಅಲ್ಲಿನ ವಿದ್ವಾಂಸರು ಕಂಡು ಬರೆದಿದ್ದಾರೆ. ನಾನು ಚಗಟೆಯ ಬೀಜವನ್ನೂ, ಪೂಜೆಯ ಚೆಂಡುಹೂವಿನ ಒಣ ಎಸಳನ್ನೂ ಸೈಟಿನ ತುಂಬ ಎರಚಿದೆ.

ಕಾಡಿನ ಕಥೆಯೂ ಇದೇ ಎಂದು ಆಮೇಲೆ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದ ಲಂಟಾನ ಇಂದು ನಮ್ಮ ಬಿಳಿಗಿರಿರಂಗನ ಬೆಟ್ಟದವರೆಗೆ ಕಾಡಿನ ನೆಲವನ್ನೆಲ್ಲ ಮುಚ್ಚಿದೆ. ಅದಕ್ಕೂ ಹುಳು ಬಿಟ್ಟರು; ಹೆಚ್ಚಿನ ಫಲ ಕಾಣಲಿಲ್ಲ. ನೆಲದಿಂದ ಎರಡಂಗುಲ ಕೆಳಗೆ ತಾಯಿಬೇರನ್ನು ಕಡಿದು ಬುಡವನ್ನು ತಲೆಕೆಳಗಾಗಿ ಮಲಗಿಸಿ, ಆ ಜಾಗದಲ್ಲಿ ಹುಲ್ಲು ಬೆಳೆಸಿದರೆ ಹೋಗುತ್ತದೆಂದು ಕಂಡುಕೊಂಡಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ ಮೇಜು ಮಾಡುತ್ತಾರೆ. ಅಂಥ ಒಂದು ಕುರ್ಚಿಯ ಮೇಲೆ ಕೂತೇ ಈ ಪ್ರಬಂಧ ಬರೆಯುತ್ತಿದ್ದೇನೆ. ಕಾಡೆಲ್ಲ ಕುರ್ಚಿಯಾಗುವುದಿಲ್ಲ, ಆದರೆ ಶತ್ರುವಿನ ಮೇಲೆ ಕೂತು ಬರೆಯುವುದರಲ್ಲಿ ಒಂದು ಸುಖವಿದೆ.

ಈಗ ಮಳೆಗಾಲದಲ್ಲಿ ಪಕ್ಕದ ಸೈಟು ಹಳದಿ. ಪೂರಾ ಗೆದ್ದೆನೆಂದು ಹೇಳಲಾರೆ. ಪ್ರತಿವರ್ಷ ಮೂಲೆಮೂಲೆಯಲ್ಲಿ ಗಜ್ಜರಿ ಎಲೆ ಕಾಣುತ್ತದೆ. ಬೀದಿಯ ಕೊನೆಯಲ್ಲಿ ಇನ್ನೂ ಮೂರು ಸೈಟುಗಳಿವೆ, ಗಾಳಿಗೆ ಕಾಂಪೌಂಡಿಲ್ಲ. ಅವನ್ನೂ ನೋಡಿಕೊಳ್ಳಲು ಎದುರುಮನೆಯ ರಾಯರೂ ಎರಡು ಮೂರು ಮನೆಯ ಹುಡುಗರೂ ಭಾನುವಾರ ಬೆಳಗ್ಗೆ ಬರುತ್ತಾರೆ. ಹೆಂಡತಿಯ ಉಬ್ಬಸ ವಾಸಿಯಾಗಿಲ್ಲ. ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇದೆ. ಆದರೆ ಸೆಪ್ಟೆಂಬರಿನಲ್ಲೂ ಅವಳು ಮಲಗಿ ನಿದ್ದೆ ಮಾಡುವ ರಾತ್ರಿಗಳು ಬಂದಿವೆ. ಆ ರಾತ್ರಿಗಳಲ್ಲಿ ನಾನು ಎಚ್ಚರವಾಗಿದ್ದು ಆ ನಿಶ್ಶಬ್ದವನ್ನು ಕೇಳುತ್ತೇನೆ.

ಮುದುಕಿ ಕಳೆ ಕೀಳುವ ಕೂಲಿಗೆ ಮತ್ತೆ ಹೋಗಲಿಲ್ಲ. ಬಿಸಿಲೇರಿದರೆ ಇಂದಿಗೂ ಮೊಳಕೈ ನವೆಯೇಳುತ್ತದೆ. ಸೈಟಿಗೆ ಮದ್ದು ಹೊಡೆದು ನಾಲ್ಕು ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಆಕೆ ಅಲ್ಲಿ ಬಗ್ಗಿ ಏನನ್ನೋ ಆಯುತ್ತಿದ್ದುದನ್ನು ಕಂಡು ಗಾಬರಿಯಾಗಿ ಓಡಿದೆ. “ಬೇಡಮ್ಮಾ, ನೀವು ಮುಟ್ಟಬೇಡಿ, ನಾನು ಕೀಳುತ್ತೇನೆ” ಎಂದೆ. ಆಕೆ ಸೆರಗು ಬಿಚ್ಚಿ ತೋರಿಸಿದರು: ಎಳೆಯ ಚಗಟೆ, ನಾನು ಬಿತ್ತದೆಯೇ ಬಂದ ಅಣ್ಣೆ, ಹೊನಗೊನ್ನೆ. “ಕಳೆ ಅಲ್ಲ ಸ್ವಾಮಿ, ಸೊಪ್ಪು” ಎಂದು ನಕ್ಕರು. ಈಗ ಪ್ರತಿವರ್ಷ ಮೊದಲ ಮಳೆಗೆ ಬರುತ್ತಾರೆ. ಒಂದು ಹಿಡಿ ನಮ್ಮ ಮನೆಗೂ ಕೊಟ್ಟು ಹೋಗುತ್ತಾರೆ. ನಾವು ದುಡ್ಡು ಕೊಡಲು ಹೋದರೆ, “ನಿಮ್ಮ ಜಾಗದ್ದೇ ಅಲ್ವಾ?” ಎನ್ನುತ್ತಾರೆ. ಜಾಗ ನಮ್ಮದಲ್ಲವೆಂದು ಎಷ್ಟು ಹೇಳಿದರೂ ಆಕೆ ಒಪ್ಪುವುದಿಲ್ಲ.

ಮೊನ್ನೆ ರಾತ್ರಿ ಮಳೆಯಾಯಿತು. ಎಂಟು ದಿನದ ಲೆಕ್ಕ ಇಂದಿನಿಂದಲೇ ಹಾಕಬೇಕು. ಕಾಂಪೌಂಡಿನ ಬುಡದಲ್ಲಿ ಆಗಲೇ ಎರಡೆಲೆ ಒಡೆದದ್ದು ಕಂಡೆ. ಇನ್ನೂ ಒಂದೆರಡು ಮಾತು ಬರೆಯೋಣವೆಂದಿದ್ದೆ, ಒಳಗಿನಿಂದ ಹೆಂಡತಿಯ ದನಿ ಕೇಳುತ್ತಿದೆ: “ರೀ, ಬಿಸಿಲು ಬರೋದ್ರೊಳಗೆ ಒಂದು ಸುತ್ತು ನೋಡಿ ಬನ್ನಿ. ಗ್ಲೌಸು ಬಾಗಿಲ ಹಿಂದೆ ಇದೆ, ಮರೀಬೇಡಿ.”